ಆರು ಸಿಲಿಂಡರ್ ಡೀಸೆಲ್‌ಗೆ ಟರ್ಬೊ: ಕೂರಿಸಿದರೆ ಸಾಲದು

‘ಸರ್, ಎಂಜಿನ್ ಚೆನ್ನಾಗೇ ಇದೆ. ಒಂದು ಟರ್ಬೊ ಕೂರಿಸಿದ್ರೆ ಎಳೆತ ಜಾಸ್ತಿ ಆಗುತ್ತೆ, ಅಲ್ವಾ?’ ಕಲಾಸಿಪಾಳ್ಯದ ಲಾರಿ ಮಾಲೀಕರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಆಗುತ್ತದೆ, ನಿಜ. ಹೊರಹೋಗುವ ಹೊಗೆಯ ರಭಸಕ್ಕೆ ತಿರುಗಿ, ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಯಂತ್ರ ಅದು. ಆದರೆ ಟರ್ಬೊ ಆಮೇಲೆ ತಂದು ಜೋಡಿಸುವ ಸಾಮಾನಲ್ಲ. ಎಂಜಿನ್‌ನ ಡ್ರಾಯಿಂಗ್ ಶುರುವಾಗುವಾಗಲೇ ಅದು ಲೆಕ್ಕದಲ್ಲಿರಬೇಕು.

ಸಾಲಾಗಿ ನಿಂತ ಆರು ಸಿಲಿಂಡರಿನ ಫೈರಿಂಗ್ ಆರ್ಡರ್, ಅಂದರೆ ಉರಿಯುವ ಸರದಿ, ಸಾಮಾನ್ಯವಾಗಿ 1-5-3-6-2-4. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುವಷ್ಟರಲ್ಲಿ ಆರೂ ಒಂದೊಂದು ಸಲ ಉರಿಯುತ್ತವೆ. 120 ಡಿಗ್ರಿಗೆ ಒಂದು. ಈ ಸಾಲನ್ನು ಸ್ವಲ್ಪ ಗಮನಿಸಿ. ಮುಂಭಾಗದ ಮೂರರಲ್ಲಿ (1, 2, 3) ಒಂದು ಉರಿದರೆ, ಅದರ ನಂತರದ ಸರದಿ ಹಿಂಭಾಗದ ಮೂರರದ್ದು (4, 5, 6). ಹಾಗಾಗಿ ಹೊಗೆ ಟರ್ಬೊಗೆ ಹೋಗಲು 1, 2, 3ಕ್ಕೆ ಒಂದು ದಾರಿ, 4, 5, 6ಕ್ಕೆ ಇನ್ನೊಂದು ದಾರಿ ಕೊಟ್ಟರೆ, ಒಂದೊಂದು ದಾರಿಯಲ್ಲೂ 240 ಡಿಗ್ರಿಗೊಮ್ಮೆ ಹೊಗೆ ನುಗ್ಗುತ್ತದೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದಿರುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ, ಹೊಗೆಯಿಂದ ತಿರುಗುವ ಟರ್ಬೈನ್ ಚಕ್ರಕ್ಕೆ ಬಿಡುವೂ ಸಿಗುವುದಿಲ್ಲ. ನನಗೆ ಈ ವಿನ್ಯಾಸದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಇಂಥ ಟರ್ಬೊ ಬಿಚ್ಚಿದಾಗ ಹೊಗೆ ಒಳಬರುವ ಅದರ ಬಾಯಿ ನೋಡಿ. ಎರಡು ಕಿಂಡಿ, ನಡುವೆ ಒಂದು ತೆಳು ಗೋಡೆ. ಬಿಸಿಗೆ ಆ ಗೋಡೆ ಸೀಳಿದರೆ ಎರಡೂ ಕಡೆಯ ಹೊಗೆ ಬೆರೆಯುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಗಾಡಿ ಎಳೆಯುವುದಿಲ್ಲ. ತೊಂದರೆ ಅಲ್ಲಿದೆ ಅಂದುಕೊಂಡು ಜನ ಸುಮ್ನೆ ಡೀಸೆಲ್ ಪಂಪ್ ಬಿಚ್ಚಿಸುತ್ತಾರೆ.

ಇನ್ನು ಬಿಸಿಯ ವಿಷಯ. ಟರ್ಬೊ 30 ಡಿಗ್ರಿಯ ಗಾಳಿಯನ್ನು ಎರಡೂವರೆ ಪಟ್ಟು ಒತ್ತಡಕ್ಕೆ ಏರಿಸಿದರೆ ಅದು ಸುಮಾರು 150 ಡಿಗ್ರಿಗೆ ಏರುತ್ತದೆ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬೇಕಾಗುವುದು ಅದಕ್ಕೇ. ಪಿಸ್ಟನ್‌ಗೆ ಕೆಳಗಿನಿಂದ ಆಯಿಲ್ ಚಿಮ್ಮಿಸಿ ತಣಿಸುವ ಜೆಟ್ ಬೇಕು. ಕಂಪ್ರೆಷನ್ ರೇಶಿಯೊ (ಪಿಸ್ಟನ್ ಸಿಲಿಂಡರಿನ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಅನ್ನುವ ಲೆಕ್ಕ) ಸ್ವಲ್ಪ ಇಳಿಸಬೇಕು, ಇಲ್ಲದಿದ್ದರೆ ಸಿಲಿಂಡರಿನ ಒತ್ತಡ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿನ ಮುಚ್ಚಳದ ಕೆಳಗಿನ ಸೀಲು) ತಡೆಯುವ ಮಟ್ಟ ಮೀರುತ್ತದೆ. ಹಳೇ ಎಂಜಿನ್‌ನಲ್ಲಿ ಇವುಗಳ ಪೈಕಿ ಎಷ್ಟಿವೆ, ನೀವೇ ನೋಡಿ.

ಕ್ರ್ಯಾಂಕ್ ಬಗ್ಗೆ ಮಾತಾಡುವವರು ಕಡಿಮೆ. ಆರು ಸಿಲಿಂಡರಿನ ಕ್ರ್ಯಾಂಕ್ ಉದ್ದ. ಪ್ರತಿ ಉರಿತಕ್ಕೂ ಅದು ಚೂರು ತಿರುಚಿಕೊಂಡು ಮತ್ತೆ ಸಡಿಲಾಗುತ್ತದೆ. ಟರ್ಬೊ ಬಂದರೆ ಆ ಹೊಡೆತ ಇನ್ನೂ ಜಾಸ್ತಿ. ಅದನ್ನು ನುಂಗುವುದು ಮುಂದಿನ ತುದಿಯಲ್ಲಿರುವ ಡ್ಯಾಂಪರ್. ತುಂಬಾ ಎಂಜಿನ್‌ಗಳಲ್ಲಿ ಇದರೊಳಗೆ ಒಂದು ಭಾರದ ಉಂಗುರ, ಅದರ ಸುತ್ತ ಗಟ್ಟಿ ಸಿಲಿಕೋನ್ ಎಣ್ಣೆಯ ತೆಳು ಪದರ. ಬಿಚ್ಚುವಾಗ ಸುತ್ತಿಗೆಯಲ್ಲಿ ಹೊಡೆಯಬೇಡಿ! ಹೊರಗಿನ ಕವಚ ತಗ್ಗಾದರೆ ಉಂಗುರ ಒಳಗೇ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಗಾಡಿ ಓಡುತ್ತಲೇ ಇರುತ್ತದೆ. ಆಮೇಲೊಂದು ದಿನ ಕ್ರ್ಯಾಂಕ್ ತುಂಡಾಗುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಬಂದರಿಗಿಂತ ಇಲ್ಲಿ ಗಾಳಿಯ ಒತ್ತಡ ಶೇ 10ರಷ್ಟು ಕಡಿಮೆ. ಟರ್ಬೊ ಈ ಕೊರತೆಯನ್ನು ತುಂಬಿಕೊಡುತ್ತದೆ, ಆದರೆ ಅದಕ್ಕಾಗಿ ಇನ್ನಷ್ಟು ಜೋರಾಗಿ ತಿರುಗಬೇಕು. ಕರಾವಳಿಯಲ್ಲೇ ವೇಗದ ಮಿತಿಯ ಅಂಚಿನಲ್ಲಿ ಓಡುವ ಟರ್ಬೊ ಶಿರಾಡಿ ಘಾಟಿ ಹತ್ತಿ ಬರುವಾಗ ಮಿತಿ ದಾಟಬಹುದು. ಅದಕ್ಕೇ ನಾವು ಟರ್ಬೊ ಆರಿಸುವಾಗ ಘಾಟಿಯ ಮೇಲಿನ ಲೆಕ್ಕ ಮೊದಲು ಹಾಕುತ್ತೇವೆ, ಕೆಳಗಿನದು ಆಮೇಲೆ.