ಪದ ಪರಿಚಯ: ಪರಿಣಾಮಕಾರಿ ಬಿಟ್

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ಪ್ರದರ್ಶನ ಎಂದರೆ ಟೊಮೆಟೊ ತೋಟದ ತೇವ ಅಳೆಯುವ ಸಾಧನ ಒಂದಾದರೂ ಇರುತ್ತದೆ. ಕೊಳವೆಬಾವಿಯನ್ನೇ ನಂಬಿ ಹನಿ ನೀರಾವರಿ ಮಾಡುವ ಸೀಮೆಗೆ ಬೇಕಾದ ಕೆಲಸವೇ. ಆದರೆ ಪಕ್ಕದ ಫಲಕದಲ್ಲಿ ‘12 ಬಿಟ್ ನಿಖರತೆ, ಅತಿ ಕಡಿಮೆ ವಿದ್ಯುತ್’ ಎಂಬ ಸಾಲನ್ನು ಓದಿ ಓದಿ ಸಾಕಾಗಿದೆ. 12 ಬಿಟ್ ಎಂಬುದು ಎಡಿಸಿ (ಸಂವೇದಕದ ವೋಲ್ಟೇಜನ್ನು ಸಂಖ್ಯೆಯಾಗಿ ಬದಲಿಸುವ ಚಿಪ್) ಹೊರಗೆ ಕೊಡುವ ಸಂಖ್ಯೆಯ ಉದ್ದ. ಆ ಸಂಖ್ಯೆಯಲ್ಲಿ ನಂಬಬಹುದಾದ ಭಾಗ ಎಷ್ಟು ಎಂಬುದನ್ನು ಅದು ಹೇಳುವುದೇ ಇಲ್ಲ.

ಎಡಿಸಿ ಅಳೆಯುವ ವ್ಯಾಪ್ತಿ 3.3 ವೋಲ್ಟ್ ಎನ್ನೋಣ; 12 ಬಿಟ್ ಅದನ್ನು 4096 ಪಾಲು ಮಾಡಿದರೆ ಒಂದು ಪಾಲಿಗೆ ಸುಮಾರು 0.8 ಮಿಲಿವೋಲ್ಟ್. ಒಳಗಿನ ಗದ್ದಲವೇ (ನಾಯ್ಸ್) ಮೂರು ಮಿಲಿವೋಲ್ಟ್ ಅಲುಗಾಡಿಸುತ್ತಿದ್ದರೆ ಕೊನೆಯ ಬಿಟ್‌ಗಳಿಗೆ ಅರ್ಥವಿಲ್ಲ. ಟೊಮೆಟೊ ಮಂಡಿಯ ತಕ್ಕಡಿ ಗಾಳಿಗೆ ಐವತ್ತು ಗ್ರಾಂ ಆಚೀಚೆ ಓಡುತ್ತಿದ್ದರೆ, ಪರದೆಯಲ್ಲಿ ಒಂದೊಂದು ಗ್ರಾಂ ಕಾಣಿಸಿದ ಮಾತ್ರಕ್ಕೆ ತೂಕ ಸರಿಯಾಗುತ್ತದೆಯೇ?

ನಂಬಬಹುದಾದ ಭಾಗದ ಹೆಸರೇ ಪರಿಣಾಮಕಾರಿ ಬಿಟ್. ಈ ಕ್ಷೇತ್ರದವರ ಬಾಯಲ್ಲಿ ಈನಾಬ್ (ENOB, ಎಫೆಕ್ಟಿವ್ ನಂಬರ್ ಆಫ್ ಬಿಟ್ಸ್). ಶುದ್ಧವಾದ ಸೈನ್ ಅಲೆಯನ್ನು ಎಡಿಸಿಗೆ ಕೊಟ್ಟು, ಹೊರಬಂದದ್ದರಲ್ಲಿ ಸಂಕೇತಕ್ಕೂ ಗದ್ದಲ ಮತ್ತು ವಿರೂಪಗಳ ಮೊತ್ತಕ್ಕೂ ಇರುವ ಅನುಪಾತವನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಅದರಿಂದ 1.76 ಕಳೆದು 6.02ರಿಂದ ಭಾಗಿಸಬೇಕು. ದೋಷವೇ ಇಲ್ಲದ 12 ಬಿಟ್ ಎಡಿಸಿಗೆ 74 ಡೆಸಿಬಲ್ ಬರಬೇಕು. 62 ಬಂದರೆ ಉಳಿದದ್ದು 10 ಬಿಟ್, ಪೆಟ್ಟಿಗೆಯ ಮೇಲೆ ಏನೇ ಅಚ್ಚಾಗಿರಲಿ.

ವಿದ್ಯುತ್ತಿನ ಲೆಕ್ಕ ಕೆಡುವುದೂ ಇಲ್ಲಿಯೇ. ಎಡಿಸಿಗಳನ್ನು ಹೋಲಿಸಲು ಬಳಸುವ ವಾಲ್ಡನ್ ಸೂತ್ರದಲ್ಲಿ, ವ್ಯಯವಾಗುವ ವಾಟನ್ನು ಸೆಕೆಂಡಿನ ಮಾದರಿಗಳ (ಸ್ಯಾಂಪಲ್, ಅಂದರೆ ಒಂದೊಂದು ಅಳತೆ) ಸಂಖ್ಯೆ ಮತ್ತು ಎರಡರ ಘಾತ ಈನಾಬ್, ಇವುಗಳ ಗುಣಲಬ್ಧದಿಂದ ಭಾಗಿಸುತ್ತಾರೆ; ಉತ್ತರ ಕಡಿಮೆಯಾದಷ್ಟೂ ದಕ್ಷತೆ ಹೆಚ್ಚು. ಸೆಕೆಂಡಿಗೆ ಒಂದು ಲಕ್ಷ ಮಾದರಿ ತೆಗೆಯುವ, ಒಂದು ಮೈಕ್ರೋವಾಟ್ ಬಳಸುವ ಎಡಿಸಿ ಇದೆ ಎನ್ನೋಣ. ಈನಾಬ್ ಜಾಗದಲ್ಲಿ 12 ಹಾಕಿದರೆ 2.4 ಫೆಮ್ಟೋಜೂಲ್, ಅಳೆದು ಸಿಕ್ಕ 10 ಹಾಕಿದರೆ 9.8. ಫಲಕದ ಮೇಲಿನ ದಕ್ಷತೆ ನಿಜಕ್ಕಿಂತ ನಾಲ್ಕು ಪಟ್ಟು ಹಿಗ್ಗಿತು. ಇದನ್ನು ಸಣ್ಣ ತಪ್ಪು ಎನ್ನಲು ನಾನು ಒಪ್ಪುವುದಿಲ್ಲ.

ನಿಜವಾದ ಬಿಟ್ ಅಗ್ಗಕ್ಕೆ ಸಿಗುವಂಥದ್ದೂ ಅಲ್ಲ. ಮಾದರಿ ಹಿಡಿದಿಡುವ ಕೆಪಾಸಿಟರ್‌ನಲ್ಲಿ ಉಷ್ಣದ ಗದ್ದಲ ಇದ್ದೇ ಇರುತ್ತದೆ: ಕೋಣೆಯ ತಾಪದಲ್ಲಿ 1 ಪಿಕೋಫ್ಯಾರಡ್‌ಗೆ ಸುಮಾರು 64 ಮೈಕ್ರೋವೋಲ್ಟ್. ಅದನ್ನು ಅರ್ಧಕ್ಕೆ ಇಳಿಸಲು 4 ಪಿಕೋಫ್ಯಾರಡ್ ಬೇಕು; ಕೆಪಾಸಿಟರ್ ದೊಡ್ಡದಾದಷ್ಟೂ ಅದನ್ನು ತುಂಬಲು ಶಕ್ತಿಯೂ ಹೆಚ್ಚು. ಹೀಗೆ, ಉಷ್ಣದ ಗದ್ದಲವೇ ಮಿತಿಯಾದಲ್ಲಿ ಒಂದೊಂದು ಹೆಚ್ಚುವರಿ ಬಿಟ್ ನಾಲ್ಕು ಪಟ್ಟು ಶಕ್ತಿ ಕೇಳುತ್ತದೆ.

ತೋಟದ ತೇವಕ್ಕೆ ಹತ್ತು ಬಿಟ್ ಧಾರಾಳ. ಅಲ್ಲಿ ಸಾರ್ (SAR) ಎಂಬ ಬಗೆಯ ಎಡಿಸಿ ಹೊಂದುತ್ತದೆ: ಬಿಟ್ಟಿಗೊಂದು ಹೋಲಿಕೆ ಮಾಡಿ ಮುಗಿಸುತ್ತದೆ, ಮುಂದಿನ ಮಾದರಿಯವರೆಗೆ ಮಲಗಿರಬಹುದು. ಬ್ಯಾಟರಿ ಬೇಗ ಖಾಲಿಯಾದರೆ ಮೊದಲು ಸಂವೇದಕಕ್ಕೂ ಎಡಿಸಿಗೆ ಅಳತೆಗೋಲಾದ ರೆಫರೆನ್ಸ್ ವೋಲ್ಟೇಜಿಗೂ ಸದಾ ಹರಿಯುವ ಕರೆಂಟನ್ನು ಅಳೆಯಿರಿ. ಅನೇಕ ಸಲ ಎಡಿಸಿಗಿಂತ ಅವೇ ಹೆಚ್ಚು ನುಂಗುತ್ತವೆ.

ಇನ್ನು, ಈನಾಬ್ ಅನ್ನು ಆವರ್ತನ ಹೇಳದೆ ಬರೆಯಬಾರದು. ಒಳಬರುವ ಅಲೆ ವೇಗವಾದಂತೆ, ಮಾದರಿಯ ಸಮಯ ಹೇಳುವ ಗಡಿಯಾರದ ನಡುಕದ (ಜಿಟರ್) ಪರಿಣಾಮ, ವಿರೂಪ ಹೆಚ್ಚಿ ಈನಾಬ್ ಇಳಿಯುತ್ತದೆ. ಡೇಟಾಶೀಟಿನ ಮೊದಲ ಪುಟದ ದೊಡ್ಡ ಅಂಕಿಯನ್ನು ಬಿಟ್ಟು, ಆವರ್ತನಕ್ಕೆ ಎದುರಾಗಿ ಅದನ್ನು ಬಿಡಿಸಿರುವ ಗ್ರಾಫ್ ನೋಡಿ.