ಟಾಲ್ಬಟ್ ಮನೆತನವನ್ನು ನುಂಗಿದ ಬರ್ಕ್ಲಿ ಆಸ್ತಿ ಜಗಳ

ಶ್ರೂಸ್‌ಬರಿಯ ಅರ್ಲ್ ಜಾನ್ ಟಾಲ್ಬಟ್ ಎಂದರೆ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧವೇ ನೆನಪಿಗೆ ಬರುತ್ತದೆ. ಹುಟ್ಟಿದ್ದು 1387ರ ಸುಮಾರಿಗೆ. ವೇಲ್ಸ್‌ನಲ್ಲಿ ಓವೈನ್ ಗ್ಲಿಂಡೂರ್‌ನ ದಂಗೆಯ ವಿರುದ್ಧ ಕಾದಾಡಿದ, ಐರ್ಲೆಂಡಿನಲ್ಲಿ ರಾಜಪ್ರತಿನಿಧಿಯಾಗಿದ್ದ. ಆಮೇಲೆ ಬಹುಪಾಲು ಬದುಕು ಕಳೆದದ್ದು ಫ್ರಾನ್ಸಿನಲ್ಲಿ. 1429ರಲ್ಲಿ ಪಾತೇ ಎಂಬಲ್ಲಿ ಜೋನ್ ಆಫ್ ಆರ್ಕ್‌ಳ ಕಡೆಯವರಿಗೆ ಸೆರೆ ಸಿಕ್ಕಿ, ನಾಲ್ಕು ವರ್ಷದ ನಂತರ ಬಿಡುಗಡೆಯಾದ. ಬಂದವನೇ ಮತ್ತೆ ಯುದ್ಧಕ್ಕಿಳಿದ. 1442ರಲ್ಲಿ ಅರ್ಲ್ ಪದವಿ ಸಿಕ್ಕಿತು.

ಇದೆಲ್ಲ ಯುದ್ಧದ ಇತಿಹಾಸದಲ್ಲಿ ಸಿಗುತ್ತದೆ. ಆದರೆ ಇಷ್ಟು ಗಟ್ಟಿ ಮನುಷ್ಯನ ಮನೆ ಯಾಕೆ ಹಾಗೆ ಒಡೆದುಹೋಯಿತು ಎಂದು ತಿಳಿಯಬೇಕಾದರೆ 1349ರ ಒಂದು ಆಸ್ತಿ ಪತ್ರದಿಂದ ಶುರು ಮಾಡಬೇಕು.

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಬರ್ಕ್ಲಿ ಕೋಟೆ ಇದೆ. ಕೋಟೆ ಮತ್ತು ಅದಕ್ಕೆ ಸೇರಿದ ಜಮೀನು ಗಂಡು ಸಂತಾನಕ್ಕೆ ಮಾತ್ರ ಹೋಗಬೇಕು ಎಂದು ಆ ವರ್ಷ ಅದರ ಒಡೆಯ ಪತ್ರ ಮಾಡಿಸಿದ್ದ. 1417ರಲ್ಲಿ ಅವನ ಮೊಮ್ಮಗ ಥಾಮಸ್ ತೀರಿಕೊಂಡಾಗ ಗಂಡು ಮಕ್ಕಳಿರಲಿಲ್ಲ. ಇದ್ದದ್ದು ಒಬ್ಬಳೇ ಮಗಳು, ಎಲಿಜಬೆತ್. ಪತ್ರದ ಪ್ರಕಾರ ಆಸ್ತಿ ತಮ್ಮನ ಮಗ ಜೇಮ್ಸ್ ಬರ್ಕ್ಲಿಗೆ ಹೋಗಬೇಕಿತ್ತು. ಆದರೆ ಎಲಿಜಬೆತ್‌ಳ ಗಂಡ ವಾರಿಕ್‌ನ ಅರ್ಲ್ ರಿಚರ್ಡ್ ಬೋಶಾಂ, ದೇಶದ ದೊಡ್ಡ ಕುಳಗಳಲ್ಲಿ ಒಬ್ಬ. ಅಂಥವನು ಹೆಂಡತಿಯ ತವರಿನ ಕೋಟೆಯನ್ನು ಸುಮ್ನೆ ಬಿಟ್ಟುಕೊಡುತ್ತಾನಾ? ವ್ಯಾಜ್ಯ ಶುರುವಾಯಿತು. 1425ರಲ್ಲಿ ರಾಜಿಯಾಗಿ ಕೋಟೆ ಜೇಮ್ಸ್‌ಗೆ ಉಳಿಯಿತು. ವೊಟನ್ ಮುಂತಾದ ಕೆಲವು ಊರುಗಳು ವಾರಿಕ್‌ನ ಆಯುಸ್ಸು ಇರುವ ತನಕ ಅವನ ಕೈಯಲ್ಲಿ ಇರಬೇಕು ಎಂದಾಯಿತು. ಇದು ಜಗಳ ಮುಗಿಸಿದ ರಾಜಿಯಲ್ಲ, ಮುಂದಕ್ಕೆ ಹಾಕಿದ ರಾಜಿ.

ಅದೇ ವರ್ಷ ವಾರಿಕ್‌ನ ಹಿರಿಯ ಮಗಳು ಮಾರ್ಗರೆಟ್ ಟಾಲ್ಬಟ್‌ನ ಕೈಹಿಡಿದಳು. ಟಾಲ್ಬಟ್‌ಗೆ ಇದು ಎರಡನೇ ಮದುವೆ. ಮೊದಲ ಹೆಂಡತಿ ಮಾಡ್ ನೆವಿಲ್ ಶೆಫೀಲ್ಡ್‌ನ ಜಮೀನು ತಂದಿದ್ದಳು, ಆ ಮಕ್ಕಳಿಗೆ ಆಸ್ತಿ ಇತ್ತು. ಮಾರ್ಗರೆಟ್‌ಳ ಮಕ್ಕಳಿಗೆ ಇದ್ದದ್ದು ಅಮ್ಮನ ಹಕ್ಕು ಮಾತ್ರ. ಆ ಹಕ್ಕಿಗಾಗಿ ಆಕೆ ಬದುಕಿಡೀ ಹೋರಾಡಿದಳು. ಗಂಡ ಫ್ರಾನ್ಸಿನಲ್ಲಿದ್ದಾಗ ಊರಲ್ಲಿ ಈ ಜಗಳ ನಡೆಸಿದವಳು ಬಹುಪಾಲು ಅವಳೇ. ಅವಳನ್ನು ಬರೀ ಸೇನಾನಿಯ ಹೆಂಡತಿ ಎಂದು ಬದಿಗೆ ಸರಿಸಿದರೆ ಈ ಕಥೆಯೇ ಅರ್ಥವಾಗುವುದಿಲ್ಲ.

1439ರಲ್ಲಿ ವಾರಿಕ್ ಸತ್ತ ಮೇಲೆ ತಕರಾರು ಮತ್ತೆ ಭುಗಿಲೆದ್ದಿತು. ಮಾರ್ಗರೆಟ್ ಕೋರ್ಟಿನಿಂದ ಸಮನ್ಸ್ ಕಳಿಸಿದಳು. ಜೇಮ್ಸ್ ಅದನ್ನು ತಂದವನಿಗೆ ಹೊಡೆಸಿ, ಚರ್ಮದ ಹಾಳೆ, ಮೇಣದ ಮುದ್ರೆ ಸಮೇತ ಆ ಸಮನ್ಸನ್ನು ಅವನಿಂದಲೇ ತಿನ್ನಿಸಿದ ಎಂದು ಬರ್ಕ್ಲಿ ಮನೆತನದ ಚರಿತ್ರೆಯೇ ಹೇಳುತ್ತದೆ. ಕಾನೂನಿಗೆ ಆ ಕಾಲದಲ್ಲಿ ಇದ್ದ ಬೆಲೆ ಅಷ್ಟು.

ಈ ಇಡೀ ಕಥೆಯಲ್ಲಿ ನನ್ನನ್ನು ಜಾಸ್ತಿ ಕಾಡುವವಳು ಜೇಮ್ಸ್‌ನ ಹೆಂಡತಿ ಇಸಾಬೆಲ್. ನಾರ್ಫೋಕ್‌ನ ಡ್ಯೂಕ್ ಒಬ್ಬನ ಮಗಳು. ಗಂಡನ ಪರವಾಗಿ ಕೇಸು ನೋಡಿಕೊಳ್ಳಲು ಲಂಡನ್ನಿಗೆ ಹೋಗಿದ್ದಳು. ಅಲ್ಲಿಂದ ಗಂಡನಿಗೆ ಬರೆದ ಕಾಗದ ಉಳಿದಿದೆ. ನಾನು ಬರುವ ತನಕ ಹುಷಾರಾಗಿರಿ, ನಾನಿಲ್ಲದೆ ಯಾವ ರಾಜಿಗೂ ಒಪ್ಪಬೇಡಿ, ಬೇಗ ದುಡ್ಡು ಕಳಿಸಿ, ಇಲ್ಲದಿದ್ದರೆ ಕುದುರೆ ಅಡವಿಟ್ಟು ನಡೆದುಕೊಂಡೇ ಊರಿಗೆ ಬರಬೇಕಾಗುತ್ತದೆ ಎನ್ನುವ ಧಾಟಿಯ ಕಾಗದ ಅದು.

1451ರಲ್ಲಿ ಕೋಟೆಯೊಳಗಿನ ಸೇವಕನೊಬ್ಬ ಬಾಗಿಲು ತೆರೆದುಕೊಟ್ಟ. ಮಾರ್ಗರೆಟ್‌ಳ ಹಿರಿಯ ಮಗ, ಲೈಲ್ ಪದವಿಯ ಜಾನ್ ಟಾಲ್ಬಟ್, ಆಳುಗಳೊಂದಿಗೆ ಒಳಗೆ ನುಗ್ಗಿದ. ಜೇಮ್ಸ್ ಮತ್ತು ಅವನ ನಾಲ್ಕು ಗಂಡು ಮಕ್ಕಳು ಸೆರೆಯಾದರು. ಬೆದರಿಸಿ ಪತ್ರಗಳಿಗೆ ಮುದ್ರೆ ಒತ್ತಿಸಿಕೊಂಡರು. ಮರುವರ್ಷ ಗ್ಲಾಸ್ಟರ್‌ನಲ್ಲಿ ಮಾರ್ಗರೆಟ್ ಇಸಾಬೆಲ್‌ಳನ್ನು ಹಿಡಿಸಿದಳು. ಇಸಾಬೆಲ್ ಸೆರೆಯಲ್ಲೇ ಸತ್ತಳು. ಒಬ್ಬ ತಾಯಿ ತನ್ನ ಮಕ್ಕಳ ಆಸ್ತಿಗಾಗಿ ಇನ್ನೊಬ್ಬ ತಾಯಿಗೆ ಮಾಡಿದ್ದು ಇದು. ಎಷ್ಟು ಹಕ್ಕಿದ್ದರೂ ಇದಕ್ಕೆ ಸಮರ್ಥನೆ ಇಲ್ಲ.

ಗೆದ್ದೆವು ಎಂದುಕೊಂಡವರಿಗೆ ಸುಖ ಸಿಗಲಿಲ್ಲ. 1453ರ ಜುಲೈ 17ರಂದು ಬೋರ್ಡೋ ಹತ್ತಿರದ ಕಾಸ್ಟಿಯೋನ್‌ನಲ್ಲಿ ಟಾಲ್ಬಟ್ ಫ್ರೆಂಚ್ ಪಾಳಯದ ಮೇಲೆ ನುಗ್ಗಿದ. ವಯಸ್ಸು ಅರವತ್ತು ದಾಟಿತ್ತು. 1450ರಲ್ಲಿ ಇನ್ನೊಂದು ಸಲ ಫ್ರೆಂಚರ ಸೆರೆಯಿಂದ ಬಿಡುಗಡೆಯಾದಾಗ ಫ್ರಾನ್ಸಿನ ರಾಜನ ವಿರುದ್ಧ ಇನ್ನು ಕವಚ ತೊಡುವುದಿಲ್ಲ ಎಂದು ಮಾತು ಕೊಟ್ಟಿದ್ದನಂತೆ. ಕವಚವಿಲ್ಲದೆಯೇ ಬಂದ. ಎದುರಿಗೆ ಫ್ರೆಂಚರ ಫಿರಂಗಿ ಪಡೆಯ ಮುಖ್ಯಸ್ಥ ಜಾನ್ ಬ್ಯೂರೋ ಸಾಲಾಗಿ ನಿಲ್ಲಿಸಿದ ಫಿರಂಗಿಗಳಿದ್ದವು. ಟಾಲ್ಬಟ್ ಸತ್ತ. ಕೋಟೆಗೆ ನುಗ್ಗಿದ್ದ ಮಗನೂ ಅದೇ ದಿನ, ಅಲ್ಲೇ ಸತ್ತ. ಮಾರ್ಗರೆಟ್‌ಗೆ ಗಂಡ ಮತ್ತು ಮಗ ಒಟ್ಟಿಗೆ ಇಲ್ಲವಾದರು.

ಮೊದಲ ಹೆಂಡತಿಯ ಮಗ, ಎರಡನೇ ಅರ್ಲ್, 1460ರಲ್ಲಿ ನಾರ್ಥಾಂಪ್ಟನ್ ಕಾಳಗದಲ್ಲಿ ಸತ್ತ. ಮಾರ್ಗರೆಟ್‌ಳ ಮಗಳು ಎಲೆನರ್ ಸತ್ತ ಮೇಲೆ ಅವಳ ಹೆಸರು ರಾಜಕೀಯಕ್ಕೆ ಬಂತು. ರಾಜ ನಾಲ್ಕನೇ ಎಡ್ವರ್ಡ್ ಅವಳಿಗೆ ಮೊದಲೇ ಮದುವೆಯ ಮಾತು ಕೊಟ್ಟಿದ್ದ, ಹಾಗಾಗಿ ಅವನ ಮಕ್ಕಳು ಸಕ್ರಮವಲ್ಲ ಎನ್ನುವ ವಾದದ ಮೇಲೆಯೇ ಮೂರನೇ ರಿಚರ್ಡ್ 1483ರಲ್ಲಿ ಪಟ್ಟವೇರಿದ್ದು.

ಬರ್ಕ್ಲಿ ಜಗಳ ಮಾತ್ರ ನಿಲ್ಲಲಿಲ್ಲ. ಜೇಮ್ಸ್ 1457ರಲ್ಲಿ ಟಾಲ್ಬಟ್‌ನದೇ ಮಗಳು ಜೋನ್‌ಳನ್ನು ಮದುವೆಯಾದ, ಆದರೂ ಸರಿಹೋಗಲಿಲ್ಲ. ಜೇಮ್ಸ್ 1463ರಲ್ಲಿ, ಮಾರ್ಗರೆಟ್ 1467ರಲ್ಲಿ ತೀರಿಕೊಂಡರು. ಹಗೆ ಮುಂದಿನ ತಲೆಮಾರಿಗೆ ಬಂತು: ಜೇಮ್ಸ್‌ನ ಮಗ ವಿಲಿಯಂ, ಮಾರ್ಗರೆಟ್‌ಳ ಮೊಮ್ಮಗ ಥಾಮಸ್. ಥಾಮಸ್‌ಗೆ ಇಪ್ಪತ್ತರ ಆಸುಪಾಸಿನ ಬಿಸಿರಕ್ತ. ಮತ್ತೆ ಬರ್ಕ್ಲಿಗಳ ಕೈಯಲ್ಲಿದ್ದ ಕೋಟೆಯ ಒಳಗಿನವರಿಗೆ ಲಂಚ ಕೊಟ್ಟು ಒಳಸಂಚು ಮಾಡಿದ, ಬಯಲಾಯಿತು. 1470ರ ಮಾರ್ಚ್ 19ರಂದು ವಿಲಿಯಂಗೆ ಸವಾಲಿನ ಕಾಗದ ಕಳಿಸಿದ. ನಾಳೆ ಬೆಳಗ್ಗೆ ಎಂಟೋ ಒಂಬತ್ತೋ ಗಂಟೆಗೆ ನಿಬ್ಲಿ ಗ್ರೀನ್‌ಗೆ ಬಾ ಎಂದು ಉತ್ತರ ಬಂತು. ರಾಜ ಆಗ ಲಿಂಕನ್‌ಶೈರ್ ಕಡೆಯ ದಂಗೆ ಹತ್ತಿಕ್ಕಲು ಹೋಗಿದ್ದ. ತಡೆಯುವವರೇ ಇರಲಿಲ್ಲ.

ಒಂದೇ ರಾತ್ರಿಯಲ್ಲಿ ಥಾಮಸ್‌ಗೆ ಸಿಕ್ಕಿದ್ದು ಅಕ್ಕಪಕ್ಕದ ಒಕ್ಕಲುಗಳು. ವಿಲಿಯಂ ಕಡೆ ಡೀನ್ ಕಾಡಿನ ಬಿಲ್ಲುಗಾರರಿದ್ದರು. ಮುಖಗವಚ ಎತ್ತಿದ್ದ ಥಾಮಸ್‌ನ ಮುಖಕ್ಕೆ ಬಾಣ ನಾಟಿತು, ಅವನು ಅಲ್ಲೇ ಸತ್ತ. ವಿಲಿಯಂನ ಜನ ಅಲ್ಲಿಂದ ನೇರ ವೊಟನ್ ಊರಿನಲ್ಲಿದ್ದ ಅವನ ಮನೆಗೆ ಹೋಗಿ ಲೂಟಿ ಮಾಡಿದರು. ಮನೆಯಲ್ಲಿ ಥಾಮಸ್‌ನ ತುಂಬು ಗರ್ಭಿಣಿ ಹೆಂಡತಿ ಇದ್ದಳು. ಆಕೆಯ ಮಗು ಉಳಿಯಲಿಲ್ಲ. ಮಾರ್ಗರೆಟ್ ಕಟ್ಟಲು ಹೊರಟ ಲೈಲ್ ಮನೆಯ ಗಂಡು ಸಂತತಿ ಅಲ್ಲಿಗೆ ನಿಂತಿತು. ಇಬ್ಬರು ಶ್ರೀಮಂತರ ಖಾಸಗಿ ಸೈನ್ಯಗಳು ಇಂಗ್ಲೆಂಡಿನ ನೆಲದಲ್ಲಿ ಕಾದಾಡಿದ ಕೊನೆಯ ಯುದ್ಧ ಅದು ಎನ್ನುತ್ತಾರೆ.

ಹಕ್ಕು ಥಾಮಸ್‌ನ ಅಕ್ಕತಂಗಿಯರ ವಂಶಕ್ಕೆ ಹೋಯಿತು. ಅವರು ಕತ್ತಿ ಬಿಟ್ಟು ಕೋರ್ಟು ಹಿಡಿದರು. ಗೆದ್ದ ವಿಲಿಯಂ, ತನ್ನ ತಮ್ಮ ಕೆಳಮಟ್ಟದ ಮನೆಯ ಹೆಣ್ಣು ತಂದ ಎಂಬ ಸಿಟ್ಟಿಗೆ ಕೋಟೆಯನ್ನೇ ರಾಜ ಏಳನೇ ಹೆನ್ರಿಯ ಗಂಡು ಸಂತತಿಗೆ ಬರೆದುಕೊಟ್ಟ. ಆ ಸಂತತಿ 1553ರಲ್ಲಿ ಮುಗಿದ ಮೇಲೆ ಕೋಟೆ ಬರ್ಕ್ಲಿಗಳಿಗೆ ಮರಳಿತು. ಉಳಿದ ಜಮೀನಿನ ವ್ಯಾಜ್ಯ ಮಾತ್ರ ನಡೆಯುತ್ತಲೇ ಇತ್ತು. ಅದು ರಾಜಿಯಲ್ಲಿ ಮುಗಿದದ್ದು 1609ರಲ್ಲಿ, ಶುರುವಾಗಿ 192 ವರ್ಷಗಳ ನಂತರ.