ಪದ ಪರಿಚಯ: ಡಿಜಿಟಲ್ ನಿಯಮಪುಸ್ತಕ

ಕೆಲವರು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಮಾತಿನಲ್ಲೇ ಕಥೆ ಬೆಳೆಸುವ ಆಟಕ್ಕೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಆಟ ನಡೆಸುವವರು ಗೇಮ್ ಮಾಸ್ಟರ್. ಪಾತ್ರದ ಸಾಹಸ ಫಲಿಸಿತೋ ಇಲ್ಲವೋ ಎಂಬುದನ್ನು ಸಾಮಾನ್ಯವಾಗಿ ದಾಳ ಹೇಳುತ್ತದೆ. ದಾಳದಲ್ಲಿ ಬಿದ್ದ ಅಂಕಿಗೆ ಅರ್ಥ ಕೊಡುವುದು ನಿಯಮಪುಸ್ತಕ. ಅದೇ ಪುಸ್ತಕ ಪಿಡಿಎಫ್, ಜಾಲತಾಣ ಅಥವಾ ಆ್ಯಪ್ ರೂಪದಲ್ಲಿದ್ದರೆ ಡಿಜಿಟಲ್ ನಿಯಮಪುಸ್ತಕ.

ಇದರ ಅಗತ್ಯ ಗೊತ್ತಾಗುವುದು ಆಟದ ನಡುವೆ. 1974ರಲ್ಲಿ ಮೂರು ಕಿರುಹೊತ್ತಗೆಗಳಾಗಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಇಂಥ ಆಟ, 2014ರ ಐದನೆಯ ಆವೃತ್ತಿಯ ಹೊತ್ತಿಗೆ ತಲಾ 300 ಪುಟ ಮೀರಿದ ಮೂರು ಮೂಲ ಪುಸ್ತಕಗಳಾಗಿತ್ತು. ಆ ಆವೃತ್ತಿಯಲ್ಲಿ ನಿಮ್ಮ ಪಾತ್ರ ಶತ್ರುವನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಹೊರಟಿತು ಎನ್ನಿ. ಹಿಡಿಯುವ ವಿಧಾನ ಕಾಳಗದ ಅಧ್ಯಾಯದಲ್ಲಿದೆ, ಅದಕ್ಕೆ ಬೇಕಾದ ಕೌಶಲದ ವಿವರ ಅದಕ್ಕೂ ಹಿಂದಿನ ಅಧ್ಯಾಯದಲ್ಲಿದೆ, ಸಿಕ್ಕಿಬಿದ್ದವನಿಗೆ ಏನಾಗುತ್ತದೆ ಎಂಬುದು ಅನುಬಂಧದಲ್ಲಿದೆ. ಒಂದೇ ಪ್ರಶ್ನೆಗೆ ಮೂರು ಕಡೆ ಪುಟ ತಿರುವುವಷ್ಟರಲ್ಲಿ ಕಥೆಯ ಬಿಸಿ ಆರಿಹೋಗುತ್ತದೆ. ಪರದೆಯ ಮೇಲಾದರೆ ಪದವೊಂದನ್ನು ಹುಡುಕಿದರೆ ಸಾಕು, ಮೂರೂ ಎದುರಿಗೆ ಬರುತ್ತವೆ. ಲಿಂಕ್‌ಗಳನ್ನು ಚೆನ್ನಾಗಿ ಹೆಣೆದಿದ್ದರೆ ಹುಡುಕುವ ಕೆಲಸವೂ ಇಲ್ಲ. ನನ್ನ ಮಟ್ಟಿಗೆ ಉಳಿದೆಲ್ಲ ಲಾಭಗಳಿಗಿಂತ ಇದು ದೊಡ್ಡದು.

ಹಾಗೆಂದು ಪುಟಗಳ ಫೋಟೊ ತೆಗೆದು ಜೋಡಿಸಿದ ಕಡತವೆಲ್ಲ ಈ ಹೆಸರಿಗೆ ತಕ್ಕುದಲ್ಲ. ಅದರಲ್ಲಿ ಪದ ಹುಡುಕಲಾಗದು. ದೃಷ್ಟಿದೋಷವುಳ್ಳ ಆಟಗಾರರಿಗೆ ಪರದೆಯ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಅದು ಬರೀ ಚಿತ್ರ. ಸರಿಯಾಗಿ ಸಿದ್ಧಪಡಿಸಿದ ಪಠ್ಯವನ್ನು ಅವರು ಕೇಳಿ ತಿಳಿಯಬಹುದು, ಅಕ್ಷರ ದೊಡ್ಡದು ಮಾಡಿಯೂ ಓದಬಹುದು. ಮುದ್ರಣದಲ್ಲಿ ನುಸುಳಿದ ತಪ್ಪು ಮುಂದಿನ ಮುದ್ರಣದವರೆಗೆ ಹಾಗೆಯೇ ಉಳಿದರೆ, ಡಿಜಿಟಲ್ ಪ್ರತಿಯನ್ನು ಪ್ರಕಾಶಕರು ತಿದ್ದಿ ಮತ್ತೆ ಒದಗಿಸಬಹುದು. ಅಚ್ಚು, ಗೋದಾಮು, ಸಾಗಾಟದ ಖರ್ಚಿಲ್ಲದ ಕಾರಣ ಒಬ್ಬರೇ ಕುಳಿತು ರಚಿಸಿದ ಪುಟ್ಟ ಆಟವೂ ಓದುಗರಿಗೆ ತಲುಪುತ್ತದೆ.

ಇದರ ಜೊತೆಗೆ ಕೇಳಿಬರುವ ಇನ್ನೊಂದು ಪದ ಎಸ್‌ಆರ್‌ಡಿ, ಅಂದರೆ ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್. ಆಟದ ತಿರುಳಾದ ನಿಯಮಗಳನ್ನು ಮಾತ್ರ ಒಳಗೊಂಡ, ಇತರರೂ ಬಳಸಿಕೊಳ್ಳಲು ಅನುಮತಿಯಿರುವ ದಾಖಲೆ ಇದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಎಸ್‌ಆರ್‌ಡಿ 5.1 ಅನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ಮೂಲವನ್ನು ಹೆಸರಿಸಿದರೆ ಯಾರು ಬೇಕಾದರೂ ಅದನ್ನು ಅನುವಾದಿಸಬಹುದು, ಅದರ ಮೇಲೆ ಹೊಸ ಆಟ ಕಟ್ಟಬಹುದು, ಮಾರಲೂಬಹುದು. ಪಾತ್‌ಫೈಂಡರ್ ಆಟದ ನಿಯಮಗಳು ಆರ್ಕೈವ್ಸ್ ಆಫ್ ನೆಥಿಸ್ ತಾಣದಲ್ಲಿ ಉಚಿತವಾಗಿ ಓದಲು ಸಿಗುತ್ತವೆ.

ಕೊಳ್ಳುವ ಮುನ್ನ ಒಂದು ವ್ಯತ್ಯಾಸ ತಿಳಿದಿರಬೇಕು. ಪಿಡಿಎಫ್ ಕೊಂಡರೆ ಕಡತ ನಿಮ್ಮ ಕೈಸೇರುತ್ತದೆ; ಆ್ಯಪ್ ಅಥವಾ ಖಾತೆಯ ಮೂಲಕ ಕೊಂಡರೆ ಬಹುಮಟ್ಟಿಗೆ ಸಿಗುವುದು ಓದುವ ಅನುಮತಿ ಮಾತ್ರ. 2009ರ ಏಪ್ರಿಲ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಪ್ರಕಾಶಕರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ ಅನಧಿಕೃತ ನಕಲಿನ ಕಾರಣ ನೀಡಿ ತನ್ನ ಪಿಡಿಎಫ್‌ಗಳ ಮಾರಾಟವನ್ನೇ ನಿಲ್ಲಿಸಿತು. ಅವು ಮತ್ತೆ ಮಾರಾಟಕ್ಕೆ ಬಂದದ್ದು 2013ರಲ್ಲಿ. ಮಾರಾಟ ನಿಂತರೆ ಕೊಂಡ ಕಡತವನ್ನು ಮತ್ತೆ ಇಳಿಸಿಕೊಳ್ಳಲು ಆಗದೇ ಹೋಗಬಹುದು; ಆದ್ದರಿಂದ ಕೊಂಡ ದಿನವೇ ಕಡತವನ್ನು ಇಳಿಸಿಕೊಂಡು, ನಿಮ್ಮದೇ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ.